ಪಟ್ಟೆ ಬಾರದ ಮೂರು ವಾರ

ಪ್ರಯೋಗಾಲಯದ ಮೆಕ್ಯಾನಿಕ್‌ನ ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ಮೂವತ್ತು ವರ್ಷ ಕನ್ನಡಿ ಒರೆಸಿ, ಸ್ಕ್ರೂ ಬಿಗಿದು ಅವನ ಸೊಂಟ ಸೋತಿತ್ತು. ವಿದ್ಯಾರ್ಥಿಗಳೆಲ್ಲ ಅವನನ್ನು ಮಾಮ ಎನ್ನುತ್ತಿದ್ದರು.

ಮೂರು ವಾರದಿಂದ ಸಂಶೋಧನೆಯ ಹುಡುಗಿಗೆ ಅವಳ ಪ್ರಯೋಗ ಕೈಕೊಟ್ಟಿತ್ತು. ಲೇಸರಿನಿಂದ ಒಂದೊಂದಾಗಿ ಹೊರಟ ಬೆಳಕಿನ ಕಣಗಳು, ಅರ್ಧ ಬೆಳಕನ್ನಷ್ಟೇ ಹಾಯಬಿಡುವ ಅರೆಗನ್ನಡಿಯ ಬಳಿ ಕವಲೊಡೆದ ಎರಡು ದಾರಿ ದಾಟಿ ಕ್ಯಾಮೆರಾ ಸೇರಬೇಕಿತ್ತು. ಯಾವ ದಾರಿ ಹಿಡಿದವು ಎಂಬ ಸುಳಿವು ಎಲ್ಲೂ ಉಳಿಯದಿದ್ದರೆ ಕ್ಯಾಮೆರಾದಲ್ಲಿ ಅವು ಬಿಟ್ಟ ಚುಕ್ಕೆಗಳೆಲ್ಲ ಕೂಡಿ, ಅಲೆಗಳಿಂದಾದಂತೆ, ಕಪ್ಪು-ಬಿಳುಪು ಪಟ್ಟೆ ಮೂಡುತ್ತದೆ. ಸುಳಿವು ಉಳಿಯಿತೋ, ಪಟ್ಟೆ ಮಾಯ. ಅವಳಿಗೆ ಸಿಗುತ್ತಿದ್ದದ್ದು ಬರೀ ಬೂದು ಮಬ್ಬು.

"ಮೇಜು ನಡುಗ್ತಿದೆ" ಎಂದರು ಪ್ರೊಫೆಸರ್. ಮಾಮ ಅದರ ಕಾಲುಗಳಿಗೆಲ್ಲ ರಬ್ಬರ್ ಕೊಟ್ಟ. "ಗಾಳಿ" ಎಂದರು. ಫ್ಯಾನು ನಿಲ್ಲಿಸಿ ಬೆವರಿದ್ದಾಯಿತು. "ನಿನ್ನ ಕೈಗುಣವೇ ಸರಿಯಿಲ್ಲ" ಎಂದು ಕೊನೆಗೆ ಅವಳಿಗೆ ಅಂದೇಬಿಟ್ಟರು. ಅವಳ ಊಟದ ಡಬ್ಬಿ ತೆರೆಯದೆ ವಾಪಸು ಹೋಗತೊಡಗಿತು.

ಗುರುವಾರ ಮಧ್ಯಾಹ್ನ ಅವಳು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಮಾಮ ಲೇಸರ್ ಆರಿಸಿ, ಟಾರ್ಚ್ ಹಿಡಿದು ಒಂದೊಂದೇ ಭಾಗ ನೋಡುತ್ತ ಬಂದ. ಎರಡನೇ ದಾರಿಯಲ್ಲಿ, ಬೆಳಕು ಕಂಪಿಸುವ ದಿಕ್ಕನ್ನು ತಿರುಗಿಸಬಲ್ಲ ಹರಳಿನ ಬಿಲ್ಲೆಯ ಹತ್ತಿರ ನಿಂತ. ಅದರ ಅಂಚಿನಲ್ಲಿ ನೆಟ್ಟಗಿರಬೇಕಾದ ಗುರುತಿನ ಗೆರೆ ಓರೆಯಾಗಿತ್ತು. ಮೂರು ವಾರದ ಹಿಂದೆ ಆ ಬಿಲ್ಲೆಯನ್ನು ಒರೆಸಿ ಕೂರಿಸಿದವನು ತಾನೇ. ಸದ್ದಿಲ್ಲದೆ ತಿರುಗಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆರಳು ಹತ್ತಿರ ಹೋಯಿತು ಕೂಡ. ಆದರೆ ಅವಳಿಗೆ ಬಿದ್ದ ಮಾತು ಅವನ ಕಿವಿಯಲ್ಲಿ ಇನ್ನೂ ಕೊರೆಯುತ್ತಿತ್ತು.

"ನೋಡಮ್ಮ ಇಲ್ಲಿ. ತಪ್ಪು ನಂದೇ. ಒರೆಸಿ ಇಡೋವಾಗ ತಿರುಗಿಸಿಬಿಟ್ಟಿದೀನಿ."

ಅವಳು ಬಗ್ಗಿ ನೋಡಿದಳು. "ಹಾಗಾದ್ರೆ ಈ ದಾರಿ ಬೆಳಕು ಅಡ್ಡಡ್ಡ ಕಂಪಿಸ್ತಿದೆ, ಆ ದಾರೀದು ಮೇಲೆ ಕೆಳಗೆ. ದಾರಿ ಗುರುತು ಬೆಳಕಿನ ಮೈಮೇಲೇ ಇದೆ."

"ಆ ಗುರುತನ್ನ ಯಾರೂ ನೋಡೇ ಇಲ್ವಲ್ಲ?"

"ನೋಡ್ಬೇಕಾಗೇ ಇಲ್ಲ ಮಾಮ. ನೋಡಿದ್ರೆ ಗೊತ್ತಾಗೋ ಹಾಗಿದ್ರೆ ಸಾಕು, ಪಟ್ಟೆ ಹೋಗುತ್ತೆ."

ಬಿಲ್ಲೆಯನ್ನು ಸರಿಮಾಡಿ ಲೇಸರ್ ಹಾಕಿದಳು. ಹತ್ತು ನಿಮಿಷ ಚುಕ್ಕೆಗಳು ಉದುರಿದವು. ಮೆಲ್ಲಗೆ ಪಟ್ಟೆ ಮೂಡಿತು. ಅವಳು ಕುಣಿಯಲಿಲ್ಲ. "ಮೂರು ವಾರ, ಮಾಮ," ಎಂದಳಷ್ಟೆ.

ಅವನೇ ಪ್ರೊಫೆಸರರ ಕೋಣೆಗೆ ಹೋಗಿ ಒಪ್ಪಿಕೊಂಡ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇವನನ್ನು ಬೈಯಲಿಲ್ಲ, ಹುಡುಗಿಯ ಹತ್ತಿರ ತಪ್ಪಾಯ್ತು ಅಂತಲೂ ಅನ್ನಲಿಲ್ಲ.

ಸೋಮವಾರದಿಂದ ಅವಳು ತನ್ನ ಬಿಲ್ಲೆಗಳನ್ನು ತಾನೇ ಒರೆಸತೊಡಗಿದಳು. ಮಾಮನಿಗೆ ಚುರುಕ್ಕೆಂದಿತು, ಆದರೆ ಅದೇ ಸರಿ ಎನಿಸಿತು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ.

"ಒತ್ತಬೇಡಮ್ಮ. ಬಟ್ಟೆ ಒಂದೇ ಸಲ ಎಳಿ."

"ಹೂಂ" ಎಂದು ಅವಳು ತಲೆಯೆತ್ತದೆ ಎಳೆದಳು.