ಡಿಕ್ಕಿಯಲ್ಲಿ ಬಂದ ಬೀಗಿತ್ತಿ

ಆ ಗಾಡಿಯನ್ನು ಮೊದಲ ಸಲ ನಮ್ಮ ಅಂಗಳದಲ್ಲಿ ಕಂಡಾಗ ನಾನು ಕೇಳಿದ್ದು ಇಷ್ಟೇ: "ಉಲಾರ್, ಇದರ ಉಳಿದರ್ಧ ಯಾವಾಗ ಬರುತ್ತಪ್ಪಾ?"

ಉಲಾರ್ ನನ್ನ ಮೈದುನ. ನಮ್ಮ ಊರು ಕೊಚ್ಕೋರಿನಲ್ಲಿ ಅತ್ತಿಗೆಯಾದವಳು ಮೈದುನನ ಕಾಲೆಳೆಯದಿದ್ದರೆ ಊಟ ಜೀರ್ಣವಾಗುವುದಿಲ್ಲ. ಅವನೂ ಕಡಿಮೆಯವನಲ್ಲ. "ಅತ್ತಿಗೆ, ನಿಮ್ಮ ನಾಲಿಗೆಗೆ ಜಾಗ ಬೇಕು ಅಂದಿದ್ರೆ ಬಸ್ಸೇ ತರ್ತಿದ್ದೆ" ಅಂದ.

ಜಪಾನಿನಿಂದ ಬಂದ ಹಳೆಯ ರೇಸ್ ಗಾಡಿ ಅದು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿತ್ತು. ಹಿಂದಿನ ಸೀಟು ಅಂತ ಹೆಸರಿಗೆ ಒಂದಿತ್ತು. ಬೆಕ್ಕಾದರೆ ಹಾಯಾಗಿ ಮಲಗಬಹುದು. ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಅಂದರೆ ಭಾರವೆಲ್ಲ ಮೂತಿಯಲ್ಲಿ, ಬಲವೆಲ್ಲ ಬಾಲದಲ್ಲಿ. ಒಣ ರಸ್ತೆಯಲ್ಲಿ ಅದರ ಗತ್ತೇ ಗತ್ತು. ಮಳೆ ಬಿದ್ದರೆ ಮೂತಿಗಿಂತ ಮೊದಲು ಬಾಲವೇ ಊರು ಸೇರಲು ನೋಡುತ್ತದೆ. ಹಿಮ ಬಿದ್ದರೆ ಎಲ್ಲಿಗೂ ಹೊರಡುವುದಿಲ್ಲ, ನಿಂತಲ್ಲೇ ಚಕ್ರ ಗರಗರ ಸುತ್ತುತ್ತದೆ. ನಮ್ಮ ಹೀರೋ ಮಾತ್ರ ಅದನ್ನು ರಾಜಧಾನಿ ಬಿಷ್ಕೆಕ್ಕಿಗೆ ಒಯ್ದು, ಖಾಲಿ ಮೈದಾನದಲ್ಲಿ ಬೇಕೆಂದೇ ಗಿರಗಿಟ್ಲೆ ಆಡಿಸಿ, ಹಿಂದಿನ ಟೈರುಗಳನ್ನು ಸವೆಸಿಕೊಂಡು ಬರುತ್ತಿದ್ದ.

ಇಂಥವನಿಗೆ ಹೆಣ್ಣು ಸಿಕ್ಕಿದ್ದೆಲ್ಲಿ ಅಂದರೆ, ದೊಲೋನ್ ಘಟ್ಟದ ಆಚೆ, ಹಿಮ ಗುಡಿಸುವ ಲಾರಿ ಓಡಿಸುವ ಕುಬಾತ್‌ನ ಮನೆಯಲ್ಲಿ! ಚಳಿಗಾಲ ಪೂರ್ತಿ ಉಲಾರ್‌ನಂಥವರನ್ನು ಚರಂಡಿಯಿಂದ ಎಳೆದು ಹಾಕುವುದೇ ಆ ಮನುಷ್ಯನ ಕೆಲಸ. ಹೆಣ್ಣು ಕೇಳಲು ಹೋದ ದಿನ ಎಲ್ಲ ಹಿರಿಯರ ಎದುರಿಗೇ ಕೇಳಿದ:

"ಆ ಗಾಡಿ ಮಾರ್ತೀಯೇನಪ್ಪಾ?"

"ಇಲ್ಲ ಮಾವ. ಅದರಲ್ಲೇ ನಮ್ಮಮ್ಮನ್ನ ಕೂರಿಸ್ಕೊಂಡು ಬಂದು ಓಲೆ ಹಾಕಿಸ್ತೀನಿ" ಅಂದ ನಮ್ಮ ಜಂಬದ ಕೋಳಿ.

"ಸರಿ. ಯಾರ ಕೈಲೂ ಎಳೆಸಿಕೊಳ್ಳದೆ ನನ್ನ ಬಾಗಿಲಿಗೆ ಬಾ, ಓಲೆ ಹಾಕಿಸು. ದಾರೀಲಿ ಯಾರಾದ್ರೂ ಹಗ್ಗ ಕಟ್ಟಿ ಎಳೆದ್ರು ಅಂತ ಗೊತ್ತಾಯ್ತೋ, ಓಲೆ ವಾಪಸ್ಸು. ನನ್ನ ಮಗಳನ್ನ ಚರಂಡಿಗೆ ಕೊಡಲ್ಲ."

ಗಂಡಿನ ತಾಯಿ ಹೆಣ್ಣಿನ ಕಿವಿಗೆ ಓಲೆ ಹಾಕಿದರೆ ನಮ್ಮಲ್ಲಿ ಮಾತು ಮುಗಿದ ಹಾಗೆ, ಆಮೇಲೆ ಅವಳು ನಮ್ಮವಳು. ಹಾಕುವವರೆಗೆ ಏನೂ ಇಲ್ಲ. ಕುಬಾತ್‌ನ ಮಗಳು ಸೈಕಾಲ್ ಅಂದರೆ ಉಲಾರ್‌ಗೆ ಪ್ರಾಣ. ಅವಳ ಹೆಸರು ಬಂದರೆ ನನಗೆ ತಿರುಗಿ ಬೈಯುವುದನ್ನೂ ಮರೆಯುತ್ತಿದ್ದ, ಪಾಪ.

ಓಲೆಯ ದಿನ ಬೆಳಿಗ್ಗೆ ಕೊಚ್ಕೋರಿನಲ್ಲಿ ಮಳೆ. ನನ್ನ ಗಂಡ ಸಗಿನ್, ನೆಂಟರನ್ನೂ ತಿಂಡಿ ಬಟ್ಟೆಗಳ ಗಂಟನ್ನೂ ವ್ಯಾನಿಗೆ ತುಂಬಿಕೊಂಡು ಮೊದಲೇ ಹೊರಟುಹೋದರು. ಕೆಂಪು ಗಾಡಿಯಲ್ಲಿ ಉಳಿದವರು ಮೂವರು: ಚುಕ್ಕಾಣಿ ಹಿಡಿದು ಉಲಾರ್, ಪಕ್ಕದಲ್ಲಿ ಓಲೆಯ ಡಬ್ಬಿ ಎದೆಗೆ ಸಿಕ್ಕಿಸಿಕೊಂಡ ನಮ್ಮತ್ತೆ, ಹಿಂದೆ ಬೆಕ್ಕಿನ ಜಾಗದಲ್ಲಿ ಮಂಡಿ ಕಿವಿಗೆ ತಾಗಿಸಿಕೊಂಡು ನಾನು. ಡಿಕ್ಕಿಯಲ್ಲಿ ಬೀಗರಿಗೆ ಕೊಡುವ ಕುರಿ. ಕೊಬ್ಬಿದ ಬಾಲದ ಭರ್ಜರಿ ಟಗರು.

"ನೋಡಿ ಅತ್ತಿಗೆ, ಹಿಂದಿನ ಚಕ್ರದ ಮೇಲೆ ಸರಿಯಾಗಿ ಭಾರ ಬಿದ್ದಿದೆ. ಈ ಟಗರಿರೋವರೆಗೂ ಹಿಮ ನನ್ನ ಕೂದಲೂ ಕೊಂಕಿಸಲ್ಲ."

"ಅಂತೂ ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ತೂಕ ಇದೆಯಲ್ಲ, ಅಷ್ಟು ಸಾಕು" ಅಂದೆ.

ದಾರಿಯ ಹಳ್ಳಿ ಸಾರಿ-ಬುಲಾಕ್ ಇನ್ನೇನು ಬಂತು ಅನ್ನುವಾಗ ಒಂದು ತಿರುವು. ರಸ್ತೆ ಎಣ್ಣೆ ಸವರಿದ ಬಾಣಲೆಯ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಇವನು ಯಾಕೆ ಆಕ್ಸಿಲರೇಟರ್ ಒತ್ತಿದನೋ ಅವನನ್ನೇ ಕೇಳಬೇಕು. ಬಾಲ ಪಕ್ಕಕ್ಕೆ ಜಾರಿತು, ಆಮೇಲೆ ಇನ್ನಷ್ಟು ಜಾರಿತು, ಬೆಟ್ಟ ಹೋಯಿತು, ಹೊಳೆ ಬಂತು, ಮತ್ತೆ ಬೆಟ್ಟ ಬಂತು. ನಿಂತಾಗ ನಾವು ಕೊಚ್ಕೋರಿನ ಕಡೆಗೇ ಮುಖ ಮಾಡಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ತಿರುಗುವ ಹೊತ್ತಿನಲ್ಲಿ ನಮ್ಮತ್ತೆ ಎರಡೂ ಕೈಯೆತ್ತಿ ಕೂಗಿಬಿಟ್ಟಿದ್ದರು: "ದೇವರೇ, ಉಳಿಸಪ್ಪಾ! ಈ ಕುರಿ ನಿಂದೇ!"

ಡಿಕ್ಕಿಯಿಂದ "ಬ್ಯಾ" ಅಂತ ಬಂತು.

"ರಸ್ತೆ ಸರಿ ಇಲ್ಲ ಇಲ್ಲಿ" ಅಂದ ಉಲಾರ್.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ ನಾನು.

ನಮ್ಮತ್ತೆ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. "ಮುಂದೆ ಸಿಗೋ ಮೊದಲನೇ ಮನೆ ಹತ್ರ ನಿಲ್ಲಿಸು. ಹರಕೆ ತೀರಿಸಿ ಹೋಗೋಣ."

ಉಲಾರ್‌ನ ಮುಖ ನೋಡಬೇಕಿತ್ತು. "ಅಮ್ಮಾ! ಕುರಿ ಇಳಿಸಿದ್ರೆ ಘಟ್ಟ ಹತ್ತೋದು ಹೇಗೆ? ನಾಳೆ ಇದಕ್ಕಿಂತ ದೊಡ್ಡ ಕುರಿ ಕೊಯ್ಸೋಣ, ಎರಡು ಕೊಯ್ಸೋಣ."

"ನಾನು ಹೇಳಿದ್ದು 'ಈ ಕುರಿ' ಅಂತ. ದೇವರ ಹತ್ರ ಚೌಕಾಸಿ ಮಾಡ್ತೀಯಾ?"

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕುರಿ ಕೇಳಿ ಮಸಾಲೆ ಅರೀತಾರೇನೋ?" ಅಂದೆ ನಾನು. ಅವನು ನನ್ನನ್ನು ಕನ್ನಡಿಯಲ್ಲೇ ಸುಟ್ಟುಬಿಡುವ ಹಾಗೆ ನೋಡಿದ.

ಸಾರಿ-ಬುಲಾಕಿನ ಮೊದಲ ಮನೆಯ ಮುದುಕ ವಿಷಯ ಕೇಳಿದ ಕೂಡಲೇ ಚಾಕು ತರಿಸಿದ. ಅಪಾಯದಿಂದ ಪಾರಾದವರ ಹರಕೆ ಬೇಡ ಅನ್ನುವವರು ಉಂಟೇ? ಅಂಗೈ ಬಿಚ್ಚಿ ನಮ್ಮನ್ನು ಹರಸಿ, ಮಾಂಸವನ್ನು ನೆರೆಹೊರೆಗೆ ಹಂಚುತ್ತೇನೆಂದು ಮಾತು ಕೊಟ್ಟ. ಅವನ ಹೆಂಡತಿ ಚಹಾ ಕುಡಿಸಿದಳು. ಹೊರಗೆ ಮಳೆಯ ಹನಿ ಆಗಲೇ ದಪ್ಪಗಾಗಿ ಬೆಳ್ಳಗಾಗುತ್ತಿತ್ತು. ಮುದುಕ ಗಾಡಿಯ ಬಾಲ ನೋಡಿ, "ಮೇಲೆ ಹಿಮ ಬೀಳ್ತಿದೆ ಮಗಾ. ಎರಡು ಮೂಟೆ ಆಲೂಗಡ್ಡೆ ಹಾಕ್ಕೊಂಡು ಹೋಗು, ಬರ್ತಾ ಕೊಟ್ರೆ ಆಯ್ತು" ಅಂದ.

"ಬೇಡ ತಾತ. ಹೆಣ್ಣಿನ ಮನೆಗೆ ಹೋಗ್ತಿರೋದು, ಸಂತೆಗಲ್ಲ" ಅಂದುಬಿಟ್ಟ ನಮ್ಮವನು! ಒದೆಯಬೇಕು ಅನ್ನಿಸಿತು.

ಘಟ್ಟದ ಏರು ಶುರುವಾದ ಮೇಲೆ ರಸ್ತೆ ಪೂರ್ತಿ ಬಿಳಿ. ಮೊದಲು ಒಂದೆರಡು ತಿರುವು ಹೇಗೋ ಹತ್ತಿತು. ಬಾಲ ಎತ್ತ ಜಾರಿದರೆ ಅತ್ತಲೇ ಚುಕ್ಕಾಣಿ ತಿರುಗಿಸುತ್ತಾ, ಬ್ರೇಕಿಗೆ ಕಾಲು ತಾಗಿಸದೆ, ಬೆವರುತ್ತಾ ಹತ್ತಿಸಿದ. ನೆತ್ತಿ ಕಣ್ಣಿಗೆ ಕಾಣುವ ಹೊತ್ತಿಗೆ ಚಕ್ರ ಸುತ್ತತೊಡಗಿತು. ಎರಡನೇ ಗೇರು ಹಾಕಿದ, ಮೆತ್ತಗೆ ಆಕ್ಸಿಲರೇಟರ್ ಒತ್ತಿದ, ಜೋರಾಗಿ ಒತ್ತಿದ, ಗಾಡಿಗೆ ಮುದ್ದಿನ ಹೆಸರಿಟ್ಟು ಕರೆದ. ಅದು ನಿಂತಲ್ಲೇ ನಿಂತು ಹಿಮ ಅರೆಯಿತು.

ಒಂದು ಲಾರಿ ಪಕ್ಕದಲ್ಲಿ ನಿಂತಿತು. "ಹಗ್ಗ ಕೊಡ್ಲಾ?" ಅಂದ ಅದರ ಡ್ರೈವರು.

"ಬೇಡ ಅಣ್ಣ" ಅಂದ ಉಲಾರ್. ಲಾರಿ ಹೋಯಿತು. ಇವನು ಚುಕ್ಕಾಣಿಯ ಮೇಲೆ ಹಣೆಯಿಟ್ಟುಕೊಂಡ. "ಮುಗೀತು ಅತ್ತಿಗೆ. ಸೈಕಾಲ್ ಅಲ್ಲಿ ಕಾಯ್ತಾ ಇರ್ತಾಳೆ. ನಾನು ಆಲೂಗಡ್ಡೆ ಬೇಡ ಅಂದೆ. ನಾನೊಬ್ಬ ಕತ್ತೆ."

ನಿಜ ಹೇಳುತ್ತೇನೆ, ಆಗ ನನಗೆ ಒಂದು ಮಾತೂ ಹೊಳೆಯಲಿಲ್ಲ. ಕತ್ತೆ ಅಂತ ತಾನೇ ಹೇಳಿಕೊಂಡ ಮೇಲೆ ಅತ್ತಿಗೆಗೆ ಉಳಿಯುವುದೇನು?

ನಮ್ಮತ್ತೆ ಸದ್ದಿಲ್ಲದೆ ಬಾಗಿಲು ತೆಗೆದು ಇಳಿದರು. ಹಿಂದಕ್ಕೆ ಹೋಗಿ ಡಿಕ್ಕಿ ತಟ್ಟಿದರು. "ತೆಗಿಯೋ ಇದನ್ನ."

"ಯಾಕಮ್ಮಾ?"

"ಕುರಿ ಕಳೆದೋಳು ನಾನು. ಕುರಿ ಜಾಗಕ್ಕೆ ನಾನೇ ಕೂರ್ತೀನಿ. ಏ ಹುಡುಗಿ, ನೀನೂ ಬಾ. ಒಬ್ಬಳ ತೂಕ ಸಾಲದು."

"ಅಯ್ಯೋ ಅತ್ತೆ, ಈ ರೇಷ್ಮೆ ಬಟ್ಟೆ ಎಲ್ಲ..."

"ಮುಚ್ಚೇ ಬಾಯಿ. ಹತ್ತು."

ಹತ್ತಿದೆವು. ಸೀಟಿನ ಮೇಲಿದ್ದ ಹತ್ತಿಯ ದುಪ್ಪಟಿ ಹಾಸಿಕೊಂಡೆವು. ಕುರಿ ಬಿಟ್ಟುಹೋದ ಹಿಕ್ಕೆಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಮುಚ್ಚಳವನ್ನು ಮೇಲಕ್ಕೆತ್ತಿ ಕಟ್ಟಿ, ಹಿಂದಕ್ಕೆ ಮುಖ ಮಾಡಿ, ಬೂಟುಗಾಲು ಹೊರಗೆ ತೂಗಾಡಿಸಿಕೊಂಡು ಅತ್ತೆ ಸೊಸೆ ಅಕ್ಕಪಕ್ಕ ಕೂತೆವು. ನಮ್ಮತ್ತೆಯದು ಒಳ್ಳೆ ಉಂಡ ಮೈ. ಅವರು ಕೂತ ಕೂಡಲೇ ಗಾಡಿ ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು.

"ಅಮ್ಮಾ, ಬೀಳ್ತೀರಿ. ನನಗೆ ಭಯ ಆಗ್ತಿದೆ" ಅಂದ ಉಲಾರ್.

"ಆಗ್ಲಿ. ಇವತ್ತಾದ್ರೂ ಭಯದಿಂದ ಓಡಿಸು."

ಓಡಿಸಿದ ನೋಡಿ! ಪಾದದ ಕೆಳಗೆ ಮೊಟ್ಟೆಯಿಟ್ಟುಕೊಂಡವನ ಹಾಗೆ ಆಕ್ಸಿಲರೇಟರ್ ಒತ್ತಿದ. ಚಕ್ರ ಒಮ್ಮೆ ತಡವರಿಸಿ, ಹಿಮ ಕಚ್ಚಿ, ಹೊರಟಿತು. ಮೈದಾನದಲ್ಲಿ ಹುಡುಗರೆಲ್ಲ ಶಿಳ್ಳೆ ಹೊಡೆಯುವಂತೆ ತಿರುಗಿಸುತ್ತಿದ್ದವನು ಈಗ ನಡೆದು ಹೋಗುವವರಿಗಿಂತ ನಿಧಾನ. ಒಂದು ಕಡೆ ಕೂಡ ಬಾಲ ಅಲ್ಲಾಡಲಿಲ್ಲ. ಹಿಂದೆ ಬಂದ ಗಾಡಿಗಳವರು ನಮ್ಮನ್ನು ನೋಡಿ ದೀಪ ಮಿನುಗಿಸಿದರು, ಕೆಲವರು ಕಿಟಕಿ ಇಳಿಸಿ ಸಲಾಂ ಹೇಳಿದರು. ನಮ್ಮತ್ತೆ ಮದುವೆ ಮನೆಯ ಜಗಲಿಯಲ್ಲಿ ಕೂತವರ ಹಾಗೆ ಪ್ರತಿಯೊಬ್ಬರಿಗೂ ತಲೆಬಾಗಿ ಸಲಾಂ ಹಿಂದಿರುಗಿಸಿದರು. ರೆಪ್ಪೆಯ ಮೇಲೆ ಹಿಮ ಕೂತಿತ್ತು. ಒಂದು ಕೈ ಎದೆಯ ಡಬ್ಬಿಯ ಮೇಲೆ, ಇನ್ನೊಂದು ನನ್ನ ತೋಳಿನ ಮೇಲೆ.

"ಚಳಿ ಆಗ್ತಿದೆಯಾ ಅತ್ತೆ?"

"ಇಲ್ಲ ಕಣೇ. ಕುರಿಗೆ ಆಗುತ್ತಾ?" ಅಂದರು, ಹಲ್ಲು ಕಟಕಟ ಅನ್ನುತ್ತಿದ್ದರೂ.

ನೆತ್ತಿ ದಾಟಿದೆವು. ಇಳಿಜಾರು ಏರಿಗಿಂತ ಕಷ್ಟ, ಆದರೂ ಮೊದಲನೇ ಗೇರಿನಲ್ಲೇ ಹುಡುಗ ಇಳಿಸಿಬಿಟ್ಟ. ಹೆಣ್ಣಿನ ಊರು ಓನ್-ಅರ್ಚಾ ಬಂತು. ಕುಬಾತ್‌ನ ಮನೆಯ ಮುಂದೆ ನಮ್ಮ ವ್ಯಾನು, ನೆಂಟರು, ಊರಿನ ಅರ್ಧ ಜನ. ಅಷ್ಟು ಜನರನ್ನು ಕಂಡದ್ದೇ ತಡ, ಇವನ ಎದೆ ಉಬ್ಬಿತು ಅಂತ ಕಾಣುತ್ತದೆ. ಗೇಟಿಗೆ ತಿರುಗುವಾಗ ಒಂದೇ ಒಂದು ಸಲ, ಚೂರೇ ಚೂರು, ಎಂಜಿನನ್ನು ಗುರ್ ಅನ್ನಿಸಿದ. ಬಾಲ ಜಾರಿ ಮನೆಯ ಮುಂದಿನ ಕಾಲುವೆಯ ಅಂಚಿಗೆ ಇಳಿಯಿತು. ನಮ್ಮಿಬ್ಬರ ಕಾಲು ಹೆಪ್ಪುಗಟ್ಟಿದ ನೀರಿನ ಮೇಲೆ ತೂಗಾಡುತ್ತಿತ್ತು. ಆನೆ ದಾಟಿ ಹೋಯಿತು, ಬಾಲ ಸಿಕ್ಕಿಬಿತ್ತು.

ಹಿಂದಿನಿಂದ ತಳ್ಳೋಣವೆಂದರೆ ಹಿಂದೆ ಇರುವುದು ಕಾಲುವೆ. ಚಕ್ರ ಸುತ್ತಿತು, ಸುತ್ತಿತು, ನಿಂತಿತು. ನಮ್ಮಿಬ್ಬರ ತೂಕವೂ ಸಾಲಲಿಲ್ಲ. ಕುಬಾತ್ ನಗಲಿಲ್ಲ. ತನ್ನ ಲಾರಿಯಿಂದ ಹಗ್ಗದ ಸುರುಳಿ ತಂದು ಗಾಡಿಯ ಮುಂದೆ ನಿಂತ.

"ಎಳೀಲಾ?"

ಸಗಿನ್ ನೆಲ ನೋಡುತ್ತಾ ನಿಂತರು. ಆಡಿದ ಮಾತು ಎಲ್ಲರಿಗೂ ಗೊತ್ತಿತ್ತು.

ಓಲೆ ಹಾಕುವವರೆಗೆ ಹುಡುಗಿ ಒಳಮನೆಯಲ್ಲಿ ಅತ್ತಿಗೆಯರ ನಡುವೆ ಕೂತಿರಬೇಕು, ಕರೆಯುವವರೆಗೆ ಹೊಸಿಲು ದಾಟುವ ಹಾಗಿಲ್ಲ. ಬಾಗಿಲು ದಡಾರನೆ ತೆರೆಯಿತು. ಸೈಕಾಲ್, ತಲೆಗೆ ಬಟ್ಟೆಯಿಲ್ಲ, ಕಾಲಿಗೆ ಅಪ್ಪನ ಬೂಟು, ಜನರನ್ನು ಸೀಳಿಕೊಂಡು ಓಡಿಬಂದಳು. ಹಿಂದೆ ಅವಳ ಅತ್ತಿಗೆಯರು "ಏ! ಏ!" ಅನ್ನುತ್ತಿದ್ದಾರೆ. ಕಾಲುವೆಯ ಅಂಚಿನಿಂದ ಒಂದೇ ನೆಗೆತಕ್ಕೆ ಡಿಕ್ಕಿಯ ಮೇಲೆ ಬಂದಳು.

"ಅತ್ತೆ, ಸ್ವಲ್ಪ ಸರೀರಿ" ಅಂದಳು ನಮ್ಮತ್ತೆಗೆ.

ಅತ್ತೆ! ಓಲೆ ಇನ್ನೂ ಡಬ್ಬಿಯಲ್ಲೇ ಇದೆ, ಇವಳಾಗಲೇ ಅತ್ತೆ ಅಂದಳು. ಇಡೀ ಬೀದಿ ಕೇಳಿಸಿಕೊಂಡಿತು. ನಮ್ಮತ್ತೆ ಸರಿದರು. ಸೈಕಾಲ್ ನಮ್ಮಿಬ್ಬರ ನಡುವೆ ಧಪ್ಪನೆ ಕೂತು ಕೂಗಿದಳು: "ಉಲಾರ್! ಎರಡನೇ ಗೇರು. ಯಾರಿಗೂ ಜಂಬ ತೋರಿಸ್ಬೇಡ. ಸುಮ್ನೆ ಓಡಿಸು!"

ಗಾಡಿ ಕುಗ್ಗಿತು. ಚಕ್ರ ಮಂಜುಗಡ್ಡೆಯನ್ನು ಕೆರೆದು, ಅಡಿಯ ಮಣ್ಣು ಹಿಡಿದು, ನಮ್ಮನ್ನು ಹೊತ್ತು ಗೇಟಿನೊಳಕ್ಕೆ ಹತ್ತಿತು. ಕುಬಾತ್ ಹಗ್ಗ ಹಿಡಿದುಕೊಂಡೇ ಪಕ್ಕಕ್ಕೆ ಸರಿದ.

"ಕಿವಿ ಕೊಡೇ. ಒಳಗೆ ಹೋಗೋ ಹೊತ್ತಿಗೆ ನಿಮ್ಮಪ್ಪ ಇನ್ನೊಂದು ಮಾತು ತೆಗೀತಾರೆ" ಅಂದರು ನಮ್ಮತ್ತೆ, ಕೂತಲ್ಲೇ ಡಬ್ಬಿ ತೆಗೆದು. ಆದರೆ ಬೆರಳು ಕೇಳಬೇಕಲ್ಲ! ಚಳಿಗೆ ಕಟ್ಟಿಗೆಯಾಗಿತ್ತು. ಒಂದು ಓಲೆ ಹೇಗೋ ಸಿಕ್ಕಿಸಿದರು. ಇನ್ನೊಂದು ಕೈಯಿಂದ ಜಾರಿತು, ಹಿಡಿದರು, ಮತ್ತೆ ಜಾರಿತು. ನನ್ನ ಬೆರಳೂ ಅದೇ ಸ್ಥಿತಿ. ನಮ್ಮತ್ತೆಯ ಕಣ್ಣಲ್ಲಿ ನೀರು ಬಂತು. ಇಡೀ ದಾರಿಯಲ್ಲಿ ಬರದಿದ್ದದ್ದು ಆಗ ಬಂತು.

ಕುಬಾತ್ ಹಗ್ಗವನ್ನು ಹಿಮದ ಮೇಲೆ ಹಾಕಿದ. ಕೈಗವಸು ತೆಗೆದು ಹತ್ತಿರ ಬಂದ. ಕುರಿಯ ಹಿಕ್ಕೆಯ ನಡುವೆ ಕೂತಿದ್ದ ಬೀಗಿತ್ತಿಯನ್ನು ನೋಡಿದ, ಅವರ ಬಿಳಿಚಿದ ಬೆರಳು ನೋಡಿದ.

"ನಿಮ್ಮ ಕೈ ಮರಗಟ್ಟಿದೆ ಬೀಗಿತ್ತಿ. ಕೊಡಿ ಇಲ್ಲಿ."

ಹೆಣ್ಣಿನ ಅಪ್ಪ ಓಲೆ ಹಾಕಿದ್ದನ್ನು ನಾನು ಹಿಂದೆ ಕಂಡಿಲ್ಲ, ಯಾರೂ ಕಂಡಿರಲಿಕ್ಕಿಲ್ಲ. ಆ ದಪ್ಪ ಬೆರಳುಗಳಿಂದ, ಉಸಿರು ಬಿಗಿಹಿಡಿದು, ಮಗಳ ಕಿವಿಗೆ ನಮ್ಮ ಓಲೆ ತೊಡಿಸಿದ. ಆಮೇಲೆ ಅಂಗೈ ಬಿಚ್ಚಿದ. ಅಂಗಳದಲ್ಲಿದ್ದವರೆಲ್ಲ ಅಂಗೈ ಬಿಚ್ಚಿದರು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

"ಅತ್ತಿಗೆ" ಅಂತ ಮುಂದಿನಿಂದ ದನಿ ಬಂತು. ನಮ್ಮ ಹೀರೋ ಇನ್ನೂ ಬ್ರೇಕು, ಕ್ಲಚ್ಚುಗಳ ಮೇಲೆ ಎರಡೂ ಕಾಲು ಒತ್ತಿ ಹಿಡಿದು ಕೂತಿದ್ದ, ಗಾಡಿ ಎಲ್ಲಿ ಹಿಂದಕ್ಕೆ ಜಾರೀತೋ ಅಂತ. ಎತ್ತಿ ಕಟ್ಟಿದ ಮುಚ್ಚಳ ಅಡ್ಡವಾಗಿ, ಹಿಂದೆ ಆದದ್ದು ಅವನಿಗೆ ಏನೂ ಕಂಡಿರಲಿಲ್ಲ. "ಅತ್ತಿಗೆ, ಏನಂದ್ರು? ಕಾಲು ತೆಗೀಬಹುದಾ?"