ದುರ್ವಾಸಾಸನ ಕೊಡದ ಮೇಷ್ಟ್ರು

ಒಂದು ಕಾಲನ್ನು ತಲೆಯ ಹಿಂದೆ ಹಾಕಿಕೊಂಡು ಮುಂದಕ್ಕೆ ಬಾಗಿದರೆ ಸ್ಕಂದಾಸನ. ಆ ಕಾಲು ಅಲ್ಲೇ ಇರುವಂತೆ ಇನ್ನೊಂದರ ಮೇಲೆ ಎದ್ದು ನಿಂತರೆ ದುರ್ವಾಸಾಸನ. ಶಿವಯೋಗಪ್ಪ ಮೇಷ್ಟ್ರು ನನಗೆ ಮೊದಲನೆಯದನ್ನು ಕೊಟ್ಟರು, ಎರಡನೆಯದನ್ನು ಕೊಡಲೇ ಇಲ್ಲ. ಅಷ್ಟಾಂಗ ಅಭ್ಯಾಸದಲ್ಲಿ ಮುಂದಿನ ಆಸನವನ್ನು ನಾವಾಗಿಯೇ ತೆಗೆದುಕೊಳ್ಳುವ ಹಾಗಿಲ್ಲ. ಗುರು ಕೊಡುವವರೆಗೆ ಅಲ್ಲಿಗೇ ಜಮಖಾನ ಸುತ್ತಬೇಕು.

ಆಗ ನಾನು ಶಿವಮೊಗ್ಗದ ಕೋಟೆ ಬಡಾವಣೆಯಿಂದ ಮೊದಲ ಬಸ್ಸು ಹಿಡಿದು ಭದ್ರಾವತಿಯ ಓಲ್ಡ್ ಟೌನಿಗೆ ಹೋಗುತ್ತಿದ್ದೆ. ಬಟ್ಟೆ ಅಂಗಡಿಯ ಮಹಡಿ ಮೇಲೆ ತರಗತಿ. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮೇಷ್ಟ್ರು ಪಾಳಿಗೆ ಹೋಗುವ ಮುನ್ನ ಕಲಿಸುತ್ತಿದ್ದರು. ಬೆನ್ನು ಒತ್ತುವ ಅಂಗೈಯಲ್ಲಿ ಗ್ರೀಸಿನ ವಾಸನೆ. ಎಂಥ ದಿನಗಳವು! ಉಸಿರಿಗೆ ಸರಿಯಾಗಿ 'ಏಕಂ, ದ್ವೇ' ಎಂದು ಅವರು ಎಣಿಸುವ ದನಿ ಇವತ್ತಿಗೂ ಕಿವಿಯಲ್ಲಿದೆ. ಸ್ಕಂದಾಸನ ಮುಗಿದ ಕೂಡಲೇ ಅದು ನಿಲ್ಲುತ್ತಿತ್ತು. ಸಾಕು, ನಾಳೆ ಬಾ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದುರ್ವಾಸರ ಆಸನ ಕೊಡದೆ ಕೋಪವನ್ನು ಮಾತ್ರ ಕೊಟ್ಟಿದ್ದರು ಪುಣ್ಯಾತ್ಮರು.

ಅವರ ಕಣ್ಣು ಮಂಜಾಗಿ ತರಗತಿ ನಿಂತ ಮೇಲೆ ನಾನೇ ಕೋಟೆಯಲ್ಲಿ ಕಲಿಸತೊಡಗಿದೆ. ವಿಡಿಯೋ ನೋಡಿ ಆ ಆಸನ ಮಾಡಿಬಿಡಿ ತನುಜಾ ಮೇಡಂ ಎಂದು ಹುಡುಗಿಯರು ಹೇಳುತ್ತಾರೆ. ನೋಡಿದ್ದೇನೆ, ಬೇಕಾದಷ್ಟು. ಮಾಡಿಲ್ಲ. ಹಟವೆಂದರೆ ಹಟ. ಆದರೆ ಐವತ್ತು ದಾಟಿದೆ, ಈ ವರ್ಷ ಸೊಂಟ ಹಿಡಿಯತೊಡಗಿದೆ. ಈಗ ಸಿಗದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು. ಕಳೆದ ವಾರ ಮತ್ತೆ ಅದೇ ಮೊದಲ ಬಸ್ಸಿಗೆ ಬರಿಹೊಟ್ಟೆಯಲ್ಲಿ ಹೊರಟೆ.

ಭದ್ರಾವತಿಯಲ್ಲೇ ತಮ್ಮ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದ ಮೇಷ್ಟ್ರು ದನಿಯಿಂದಲೇ ಗುರುತು ಹಿಡಿದರು. ಕ್ಷೇಮಸಮಾಚಾರಕ್ಕೂ ತಾಳ್ಮೆಯಿಲ್ಲದೆ, ನನ್ನಲ್ಲಿ ಏನು ಕೊರತೆಯಿತ್ತೆಂದು ಕೇಳಿಯೇಬಿಟ್ಟೆ.

ಅವರು ಮೊಣಕಾಲು ಸವರಿಕೊಳ್ಳುತ್ತ ಹೇಳಿದರು.

"ನಿನ್ನಲ್ಲೇನೂ ಕಮ್ಮಿ ಇರ್ಲಿಲ್ಲ ಮಾರಾಯ್ತಿ. ನಮ್ ಗುರುಗಳು ನಂಗೆ ಕೊಟ್ಟಿದ್ದೂ ಅಲ್ಲಿಗೇ. ಮುಂದಿನ್ದು ಕೊಡೋಕ್ ಮುಂಚೆ ಹೋಗ್ಬಿಟ್ರು. ನಂಗೆ ಸಿಗದೇ ಇದ್ದಿದ್ದನ್ನ ನಿಂಗೆ ಹೆಂಗೆ ಕೊಡ್ಲಿ?"

ಇಷ್ಟು ವರ್ಷ ನಾನು ಬೈದುಕೊಂಡ ಮನುಷ್ಯ ನಾನು ನಿಂತಲ್ಲೇ ನಿಂತಿದ್ದರು. ನನಗೆ ಅಳು ಬಂತು. ಅವರನ್ನು ಒಳಗೆ ಕರೆದೊಯ್ದು, ವೇಲು ತೆಗೆದಿಟ್ಟು ನಡುಮನೆಯಲ್ಲಿ ಜಮಖಾನ ಹಾಸಿದೆ.

"ಎಣಿಸಿ ಮೇಷ್ಟ್ರೇ. ನಮ್ಮಿಬ್ರಲ್ಲಿ ಒಬ್ರಾದ್ರೂ ದಾಟೋಣ."

ಸೂರ್ಯನಮಸ್ಕಾರದಿಂದ ಎಣಿಸಿದರು. ದನಿ ನಡುಗಿತು, ಲಯ ತಪ್ಪಲಿಲ್ಲ. ಸ್ಕಂದಾಸನ ಬಂತು. ಇನ್ನು ನಿಲ್ಲಿಸುತ್ತಾರೆಂದು ನನ್ನ ಮೈ ತಾನಾಗಿ ಸಡಿಲಾಯಿತು. ನಿಲ್ಲಿಸಲಿಲ್ಲ. ಗುರುಗಳು ಬೇರೆಯವರಿಗೆ ಎಣಿಸುವಾಗ ಕೇಳಿಸಿಕೊಂಡಿದ್ದ ಮುಂದಿನ ಎಣಿಕೆಯನ್ನು ಹೇಳಿದರು. ಕಾಲು ಕತ್ತಿನ ಹಿಂದಿರುವಂತೆಯೇ ಎದ್ದೆ. ಒಂದೇ ಉಸಿರು ನಿಂತೆ, ಆಮೇಲೆ ದೊಪ್ಪನೆ ಬಿದ್ದೆ.

ನಿಂತೆಯಾ ಎಂದು ಕೇಳಿದರು. ನಿಂತೆ ಎಂದೆ. ಆ ಮಸುಕು ಕಣ್ಣುಗಳು ಒದ್ದೆಯಾದವು.

"ಸಾಕು. ನಾಳೆ ಬಾ."

ನಾಳೆ ಅಮಾವಾಸ್ಯೆ, ಅಭ್ಯಾಸವಿಲ್ಲ ಎಂದು ನೆನಪಿಸಿದೆ.

"ಹಂಗಾದ್ರೆ ನಾಡಿದ್ದು ಬಾ. ಇನ್ನೊಂದ್ ಕಾಲು ಬಾಕಿ ಇದೆ."