ಚುಕ್ಕಿಗಳ ಡಬಲ್ ಆಕ್ಟಿಂಗ್

ಜವನಗೊಂಡನಹಳ್ಳಿಯಲ್ಲಿ ರಂಗೇಶನ ಕೈಗೆ ಸಿಕ್ಕು ಯಾಮಾರದವರು ಒಬ್ಬರೂ ಇರಲಿಲ್ಲ. ಹೆತ್ತಪ್ಪ ಕಾಟಲಿಂಗಪ್ಪನ ಫೋನಿಗೇ ಕುರಿಮರಿಯ ಕೂಗನ್ನು ರಿಂಗ್‌ಟೋನ್ ಮಾಡಿಟ್ಟು, ಮರಿ ಎಲ್ಲಿ ಸಿಕ್ಕಿಕೊಂಡಿತೋ ಎಂದು ಆ ಮನುಷ್ಯ ಬೇಲಿಬೇಲಿ ಹುಡುಕುವ ಹಾಗೆ ಮಾಡಿದ ಭೂಪ ಅವನು. ಅವನ ಕೀಟಲೆಯಿಂದ ರಿಯಾಯಿತಿ ಇದ್ದದ್ದು ಒಬ್ಬಳಿಗೇ, ಅಕ್ಕ ನಾಗಶ್ರೀಗೆ. ಮೂರು ವರ್ಷದ ಹಿಂದೆ, ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ, ಜ್ವರ ಬಂದು ಅವಳ ಎರಡೂ ಕಣ್ಣು ಹೋದವು. ಅವತ್ತಿನಿಂದ ಅವಳೆದುರು ರಂಗೇಶ ಕೋರ್ಟಿನ ಜವಾನನಷ್ಟು ಗಂಭೀರ.

ಸೋಮವಾರ ಚಿತ್ರದುರ್ಗದ ಒಂದು ತರಬೇತಿ ಕೇಂದ್ರದಲ್ಲಿ ಕಣ್ಣು ಕಾಣದವರ ಕಂಪ್ಯೂಟರ್ ಕಲಿಕೆಗೆ ಆಯ್ಕೆ ಪರೀಕ್ಷೆ ಇತ್ತು. ಕನ್ನಡ ಅರ್ಧ ಪುಟ, ಇಂಗ್ಲಿಷ್ ನಾಲ್ಕು ಸಾಲು. ಎರಡನ್ನೂ ಉಬ್ಬು ಚುಕ್ಕಿಯ ಬ್ರೈಲ್ ಹಾಳೆಯಲ್ಲಿ ಬೆರಳಾಡಿಸಿ ಓದಬೇಕು. ನಾಗಶ್ರೀ ಹೋಗುವುದಿಲ್ಲ ಎಂದು ಕೂತಿದ್ದಳು.

"ಕನ್ನಡದ ಚುಕ್ಕಿ ಕಲಿಯಾಕೇ ಎರಡು ವರ್ಷ ಆತು. ಇನ್ನ ಇಂಗ್ಲಿಷ್‌ನ ಎ ಇಂದ ಶುರು ಮಾಡ್ಲಾ? ಸೋಮವಾರದೊಳಗೆ? ಆಗಲ್ಲ ಕಣೋ."

ರಂಗೇಶನಿಗೆ ಅವಳ ಸಂಕಟ ಅರ್ಥವಾಗುತ್ತಿತ್ತು. ಫಸ್ಟ್ ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಮಕಾಡೆ ಮಲಗಿದವನು ಅವನು. ಕನ್ನಡದ ಅಕ್ಷರ ತಲೆಗೆ ಗುಡಿಸು, ಕಾಲಿಗೆ ಒತ್ತು ಕಟ್ಟಿಕೊಂಡರೂ ಮುಖ ಬದಲಿಸುವುದಿಲ್ಲ. ಇಂಗ್ಲಿಷಿನದು ದೊಡ್ಡದಕ್ಕೊಂದು ವೇಷ, ಚಿಕ್ಕದಕ್ಕೊಂದು ವೇಷ ಹಾಕಿ ಬರುತ್ತದೆ ಎಂಬುದು ಅವನ ಹಳೇ ದೂರು.

ಶನಿವಾರ ಅವನು ಹಿರಿಯೂರಿಗೆ ಹೋಗಿ, ಅಕ್ಕನಿಗೆ ಬ್ರೈಲ್ ಕಲಿಸಿದ ಅನ್ನಪೂರ್ಣಮ್ಮ ಟೀಚರ ಮುಂದೆ ಗೋಳು ತೋಡಿಕೊಂಡ. ಅವರು ನಕ್ಕರು.

"ಅವಳಿಗೆ ಆಗ್ಲೇ ಮುಕ್ಕಾಲು ಬರ್ತದಪ್ಪ. ಕಣ್ಣಿಗೆ ನಮ್ಮ ಕ ಬೇರೆ, ಇಂಗ್ಲಿಷ್ ಕೆ ಬೇರೆ. ಬೆರಳಿಗೆ ಎರಡೂ ಒಂದೇ ಚುಕ್ಕಿ. ಮ-ಎಮ್ಮು, ರ-ಆರು, ಹಿಂಗೇ ಬಹಳಷ್ಟು. ಚುಕ್ಕೀಲಿ ಗುಡಿಸು, ಒತ್ತು ಯಾವುದೂ ಮೇಲೆ ಕೆಳಗೆ ಕೂರಲ್ಲ. ಇಂಗ್ಲಿಷ್‌ನಂಗೆ ಒಂದರ ಹಿಂದೆ ಒಂದು."

"ಅಂದ್ರೆ ಡಬಲ್ ಆಕ್ಟಿಂಗ್! ಹೀರೋ ಒಬ್ನೇ, ಪಿಚ್ಚರ್ ಎರಡು! ಇದ್ನ ಅವಳಿಗೆ ಹೇಳಿಲ್ವಾ ಮೇಡಂ?"

"ಹೇಳ್ದೆ. ಸಮಾಧಾನಕ್ಕೆ ಹೇಳ್ತೀರಾ ಬಿಡ್ರಿ ಅಂದ್ಲು."

ರಂಗೇಶ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಮೂರು ಇಂಗ್ಲಿಷ್ ಪದ ಹೇಳಿ, ಅವರ ಕೈಯಲ್ಲಿ ಒಂದು ಹಾಳೆಗೆ ಚುಚ್ಚಿಸಿಕೊಂಡು ಬಂದ.

ಮಧ್ಯಾಹ್ನ ಹಟ್ಟಿಯ ಬೇವಿನ ನೆರಳಲ್ಲಿ ಕೂತಿದ್ದ ಅಕ್ಕನ ತೊಡೆಯ ಮೇಲೆ ಅದನ್ನಿಟ್ಟ. ಇಟ್ಟ ಮೇಲೂ ಹಾಳೆಯ ಮೂಲೆ ಬಿಡಲಿಲ್ಲ. ಊರನ್ನೆಲ್ಲ ಯಾಮಾರಿಸುವಾಗ ಹೀಗೆ ಹಿಂಜರಿದದ್ದೇ ಇಲ್ಲ.

"ಟೀಚರು ಕೊಟ್ರು. ಕನ್ನಡದ ಹೊಸಾ ಪದಗಳಂತೆ."

ನಾಗಶ್ರೀ ಬೆರಳಾಡಿಸಿದಳು. "ಬು... ಸ. ಬುಸ. ಏನ್ಲಾ ಇದು, ಹಾವಾ?"

"ಮುಂದಕ್ಕೆ ಓದಕ್ಕ."

"ಹೋ... ತೇ... ಲ. ಹೋತೇಲ? ಹೋತ ಗೊತ್ತು, ಕಿವಿ ಹಿಡಿದು ಎಳೆದು ತಂದಿದೀನಿ. ಇದು ಯಾವ ಜಾತಿ ಮೇಕೆನೋ?"

ರಂಗೇಶ ತುಟಿ ಕಚ್ಚಿ ನಗು ತಡೆದ.

"ಮು... ತ... ತೋ... ನ." ಅವಳ ಬೆರಳು ನಿಂತಿತು. ಮತ್ತೆ ಮೊದಲಿಂದ ಬಂತು. ಹೋತೇಲ. ಮುತತೋನ. ತುಟಿಗಳು ಸದ್ದಿಲ್ಲದೆ ಅಲುಗಿದವು. "ಹೋಟೆಲು... ಮಟನ್ನು... ಬಸ್ಸು! ಲೇ, ಇದು ಇಂಗ್ಲಿಷು!"

"ಹೌದಕ್ಕ. ನೀನೇ ಓದಿದ್ದು."

"ಸುಳ್ಳು ಹೇಳಿ ಕೊಟ್ಟೆ."

ರಂಗೇಶ ಹಾಳೆ ವಾಪಸು ತಗೊಳ್ಳಲು ಕೈ ಚಾಚಿದ. "ತಪ್ಪಾತಕ್ಕ. ನಿಂಗೆ ಹಂಗೆ ಮಾಡಬಾರದಿತ್ತು."

"ಯಾಕೆ ಮಾಡಬಾರದಿತ್ತು? ಮೂರು ವರ್ಷ ಆತು ನೀನು ನನ್ನ ಯಾಮಾರಿಸಿ. ಅಪ್ಪಂಗೆ ಮಾಡ್ತೀಯ, ಊರಿಗೆಲ್ಲ ಮಾಡ್ತೀಯ. ನನ್ನ ಹತ್ರ ಬಂದ್ರೆ ಸತ್ತೋರ ಮನೆಗೆ ಬಂದಂಗೆ ಮೆತ್ತಗೆ ಮಾತಾಡ್ತೀಯ. ನನ್ನ ಕಣ್ಣು ಅಷ್ಟೇ ಹೋಗಿದ್ದು ಕಣೋ. ನಾನಿಲ್ಲೇ ಇದೀನಿ."

ರಂಗೇಶ ಮೂಗು ಒರೆಸಿಕೊಂಡು ಅವಳ ಪಕ್ಕ ಕುಂತ. ನಾಗಶ್ರೀ ಹಾಳೆಯನ್ನು ಮತ್ತೊಮ್ಮೆ ಸವರಿದಳು, ಈಗ ನಿಧಾನವಾಗಿ.

"ಸೋಮವಾರ ಬಸ್ಸು ಎಷ್ಟೊತ್ತಿಗೆ?"

"ಏಳೂವರೆಗೆ."

"ಹೋಗಾಣ. ಅದ್ರಾಗೆ ಹಾವು ಇರಾಕಿಲ್ಲ ತಾನೇ?"

ಅವತ್ತು ಸಂಜೆ ಅವಳು ಚುಚ್ಚುವ ಮೊಳೆ ತಗೊಂಡು, ತುಂಡು ಕಾಗದಕ್ಕೆ ಟಕಟಕ ಚುಚ್ಚಿ ಅವನ ಜೇಬಿಗಿಟ್ಟಳು. "ಕಣ್ಣಿರೋ ಮಹಾರಾಜ ನೀನು. ಓದ್ಕೋ ನೋಡಾಣ."

ಎರಡು ದಿನ ತಿರುಗಿಸಿ ಮುರುಗಿಸಿ ನೋಡಿದರೂ ಅವನಿಗೆ ಕಂಡದ್ದು ಮೊಡವೆ ಎದ್ದ ಕಾಗದ ಮಾತ್ರ. ಸೋಮವಾರ ಕೇಂದ್ರದ ಜಗಲಿಯಲ್ಲಿ, ಅಕ್ಕ ಒಳಗೆ ಹೋದ ಮೇಲೆ, ಜೊತೆಗೆ ಬಂದಿದ್ದ ಅನ್ನಪೂರ್ಣಮ್ಮನವರ ಕೈಗೆ ಅದನ್ನು ಕೊಟ್ಟ. ಅವರು ಸವರಿ ನೋಡಿ ಬಾಯಿಗೆ ಸೆರಗು ಹಿಡಿದರು.

"ಕುರಿ ಅಂತ ಬರ್ದವಳಪ್ಪ."

"ಕನ್ನಡದಾಗಾ, ಇಂಗ್ಲಿಷ್‌ನಾಗಾ ಮೇಡಂ?"

"ಎರಡರಾಗೂ ನೀನು ಅದೇ."

ರಂಗೇಶ ನಗಲು ಬಾಯಿ ತೆರೆದವನು ತಟ್ಟನೆ ಕಿವಿಗೊಟ್ಟ. ಕಿಟಕಿಯಾಚೆಯಿಂದ ಅಕ್ಕನ ದನಿ ಬರುತ್ತಿತ್ತು. ಕನ್ನಡ ಮುಗಿದಿತ್ತು. ಇಂಗ್ಲಿಷ್ ಸಾಲು ಒಂದೊಂದೇ ಪದವಾಗಿ, ತಡವರಿಸಿ, ಎಡವಿ, ಮತ್ತೆ ಹಿಂದಕ್ಕೆ ಹೋಗಿ, ಆದರೂ ನಿಲ್ಲದೆ ಮುಂದಕ್ಕೆ ಬರುತ್ತಿತ್ತು. ಅವನು ಬೆರಳು ಮಡಚಿ ಎಣಿಸತೊಡಗಿದ. ಮೂರನೇ ಸಾಲು. ನಾಲ್ಕನೆಯದು.